ಕಟಕಟೆಯಲ್ಲಿ ತೆಂಗಿನಕಾಯಿ: ಕಾಕಾನ ಜೊತೆ ನಾಲ್ಕು ದಿನ

ನಮ್ಮ ಕಾಕಾ ಕೋರ್ಟಿನಲ್ಲಿ ಕಾರಕೂನ ಆಗಿದ್ದವರು. 1984ರಲ್ಲಿ, ಇಪ್ಪತ್ತೆರಡನೇ ವಯಸ್ಸಿಗೆ, ಉತ್ತರ ಕನ್ನಡದ ಕರಾವಳಿಯ ಒಂದು ಸಣ್ಣ ಊರಲ್ಲಿ ಕೆಲಸಕ್ಕೆ ಸೇರಿದರು. ನಿವೃತ್ತಿಯಾಗಿ ಮೂರು ವರ್ಷ ಆಯ್ತು. ಮನೆಯಲ್ಲಿ ಕೂತು ಬೇಜಾರಾದಾಗೆಲ್ಲ ಒಂದೇ ಮಾತು: "ಆ ಕೋರ್ಟ ಇನ್ನೂ ನಿಂತದೋ ಬಿದ್ದದೋ, ಒಮ್ಮೆ ನೋಡಿ ಬರೂಣೇನವಾ?"

ನಾನು ಹುಬ್ಬಳ್ಳಿಯಲ್ಲಿ ಒಬ್ಬ ಎಂಜಿನಿಯರ್ ಹತ್ತಿರ ಡ್ರಾಯಿಂಗ್ ಮಾಡುವವಳು. ಕೆಳಗೆ ಶಟರ್ ಅಂಗಡಿ, ಮೇಲೆ ಎರಡು ಮಹಡಿ, ಇಂಥ ಕಾಂಪ್ಲೆಕ್ಸ್‌ಗಳನ್ನು ವಾರಕ್ಕೊಂದು ಎಳೆಯುತ್ತೇನೆ. ಹೊಟ್ಟೆಪಾಡು. ರಜೆ ಸಿಕ್ಕರೆ ಮಾತ್ರ ಹಳೇ ಕಟ್ಟಡ ನೋಡಲು ಓಡುತ್ತೇನೆ. ಕಾಕಾ ಹೇಳುತ್ತಿದ್ದ ಕಟ್ಟಡ ವಿಚಿತ್ರವಾಗಿತ್ತು: ಅರ್ಧ ಕೋರ್ಟು, ಅರ್ಧ ಪೇಟೆ, ಎರಡಕ್ಕೂ ಒಂದೇ ಮಾಡು (ಛಾವಣಿ), ನಡುವೆ ಒಂದೇ ಗೋಡೆ. ಸೆಪ್ಟೆಂಬರ್ ಕೊನೆಗೆ ನಾಲ್ಕು ದಿನ ರಜೆ ಹಾಕಿ ಹೊರಟೆವು. ಆ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಶನಿವಾರ

ಹುಬ್ಬಳ್ಳಿಯಿಂದ ಯಲ್ಲಾಪುರದವರೆಗೆ ಹೇಳುವಂಥದ್ದು ಏನೂ ಆಗಲಿಲ್ಲ. ಯಲ್ಲಾಪುರ ದಾಟಿದ ಮೇಲೆ ಮಳೆ ಶುರುವಾಯಿತು. ಅರಬೈಲು ಘಾಟಿಯಲ್ಲಿ ಲಾರಿಯೊಂದು ತಿರುವಿನಲ್ಲಿ ಅಡ್ಡ ನಿಂತು ಎರಡೂ ಕಡೆ ಸಾಲು. ಎರಡು ತಾಸು ಕಾರಿನಲ್ಲೇ. ಈ ದಾರಿಯಲ್ಲಿ ಹೋಗುವವರು ಘಾಟಿ ಇಳಿಯುವ ಮೊದಲೇ ಹೊಟ್ಟೆ ತುಂಬಿಸಿಕೊಂಡು, ಒಂದು ಬಾಟಲಿ ನೀರು ಜಾಸ್ತಿ ಇಟ್ಟುಕೊಳ್ಳಿ. ನಾವು ಎರಡೂ ಮಾಡಿರಲಿಲ್ಲ. ಹಿಂದಿನ ಲಾರಿಯ ಡ್ರೈವರ್ ಚೂಡಾ ಪೊಟ್ಟಣ ಕೊಟ್ಟ. ರಾಣೇಬೆನ್ನೂರಿನವನಂತೆ, ಮೆಕ್ಕೆಜೋಳ ಹೇರಿಕೊಂಡು ಹೊರಟಿದ್ದ.

"ಮೊದಲು ಹತ್ತಿ, ಈಗ ಗೋವಿನಜೋಳ" ಅಂದರು ಕಾಕಾ. ಹೌದು, ನಮ್ಮ ಧಾರವಾಡ ಕಡೆಯ ಹತ್ತಿ ಸಮುದ್ರಕ್ಕೆ ಇಳಿದದ್ದು ಇಂಥ ಘಾಟಿಗಳಲ್ಲೇ. ಕುಮಟಾ ಬಂದರಿನಿಂದ ಹೋಗುತ್ತಿದ್ದ ಹತ್ತಿಗೆ ಮುಂಬಯಿ ಪೇಟೆಯಲ್ಲಿ 'ಕುಮಟಾ ಹತ್ತಿ' ಅಂತಲೇ ಹೆಸರು. ಬೆಳೆದದ್ದು ನಾವು, ಹೆಸರು ಬಂದರಿನವರದ್ದು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಹತ್ತಿಗೆ ಬೆಲೆ ಏರಿದ ಹೊತ್ತಲ್ಲಿ, 1862ರಲ್ಲಿ, ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿಗೆ ಸೇರಿಸಿದರು. ಮುಂಬಯಿಯ ವ್ಯಾಪಾರಿಗಳಿಗೆ ಕಾರವಾರದ ಬಂದರು ಬೇಕಿತ್ತು. ಅದರ ಹಿಂದೆಯೇ ಜಿಲ್ಲೆಗೆ ಕಲೆಕ್ಟರ್ ಕಚೇರಿ, ಕೋರ್ಟು, ಮಾಮಲೇದಾರ ಎಲ್ಲ ಮುಂಬಯಿ ಮಾದರಿಯಲ್ಲಿ ಬಂದವು. ಈಗಲೂ ಇಲ್ಲಿನ ಹಳಬರು ತಹಶೀಲ್ದಾರ ಅನ್ನುವುದಿಲ್ಲ, ಮಾಮಲೇದಾರ ಕಚೇರಿ ಅಂತಾರೆ.

ಕಾರವಾರ ಮುಟ್ಟಿದಾಗ ರಾತ್ರಿ ಒಂಬತ್ತೂವರೆ. ಹೋಟೆಲಿನಲ್ಲಿ ನಾನು ಮೆನು ನೋಡುತ್ತಿದ್ದೆ. ಕಾಕಾ ಮಾಣಿಯನ್ನು ಕರೆದು, "ಬಂಗಡೆ ತಾಜಾ ಅದ? ರವಾ ಹಚ್ಚಿ ಫ್ರೈ ಮಾಡು, ಸಾರಿಗೆ ತಿರ್ಫಳ ಹಾಕೀರಿ ಹೌದಿಲ್ಲೋ?" ಅಂದರು. ನಾನು ಬಾಯಿ ತೆರೆದು ಕೂತೆ. ನಮ್ಮ ಮನೆಗೆ ಮೊಟ್ಟೆ ಕೂಡ ಬರುವುದಿಲ್ಲ.

"ನಾಲ್ಕು ವರ್ಷ ಇಲ್ಲಿದ್ದೆನವಾ. ನಿಮ್ಮ ಕಾಕೂಗ ಹೇಳಬ್ಯಾಡ."

ರವಿವಾರ

ಬೆಳಿಗ್ಗೆ ಮಳೆ ಬಿಟ್ಟಿತ್ತು. ಟಾಗೋರ್ ಕಡಲತೀರಕ್ಕೆ ನಡೆದುಕೊಂಡು ಹೋದೆವು. ಗಾಳಿಮರಗಳ ಕೆಳಗೆ ನೆಲವೆಲ್ಲ ಒದ್ದೆ. ಇಲ್ಲಿ ಟಾಗೋರ್ ಹೆಸರು ಯಾಕೆ ಬಂತು ಅಂತ ಕಾರವಾರದವರಿಗೆಲ್ಲ ಗೊತ್ತು, ನಮ್ಮ ಕಡೆಯವರಿಗೆ ಗೊತ್ತಿರಲಿಕ್ಕಿಲ್ಲ. ರವೀಂದ್ರನಾಥರ ಅಣ್ಣ ಸತ್ಯೇಂದ್ರನಾಥ ಟಾಗೋರ್ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಬ್ರಿಟಿಷರ ಕಾಲದ ನಾಗರಿಕ ಸೇವೆ ಐಸಿಎಸ್ ಪಾಸಾದ ಮೊದಲ ಭಾರತೀಯ ಅವರು. 1883ರಲ್ಲಿ ರವೀಂದ್ರನಾಥ ಅಣ್ಣನ ಮನೆಗೆ ಬಂದ, ಬೆಳದಿಂಗಳಲ್ಲಿ ದೋಣಿ ಹತ್ತಿ ಕಾಳಿ ನದಿಯಲ್ಲಿ ತಿರುಗಾಡಿದ, ಇಲ್ಲೇ ಕೂತು ಒಂದು ನಾಟಕವನ್ನೂ ಬರೆದ. ಆಗ ಅವನಿಗೂ ಇಪ್ಪತ್ತೆರಡು.

"ನೋಡವಾ, ದಿನಾ ಕೋರ್ಟಿಗೆ ಹೋಗಿ ತೀರ್ಪು ಬರದಾಂವ ಅಣ್ಣ. ಬೀಚಿಗೆ ಹೆಸರು ಬಂದದ್ದು ರಜಾಕ್ಕ ಬಂದ ತಮ್ಮಂದು" ಅಂದರು ಕಾಕಾ. ಮೂವತ್ತೆಂಟು ವರ್ಷ ಕೋರ್ಟಿನಲ್ಲಿ ಇದ್ದವರ ಸಿಟ್ಟು ಅದು.

ತೀರದಲ್ಲೇ ಐಎನ್ಎಸ್ ಚಪಲ್ ಇದೆ. 2005ರಲ್ಲಿ ನೌಕಾಪಡೆಯಿಂದ ನಿವೃತ್ತಿಯಾದ ಕ್ಷಿಪಣಿ ದೋಣಿ, ಮಾರನೇ ವರ್ಷ ದಡಕ್ಕೆ ತಂದು ಮ್ಯೂಸಿಯಂ ಮಾಡಿದರು. ಪಕ್ಕದಲ್ಲಿ ಟುಪೊಲೆವ್ ವಿಮಾನವೂ ಬಂದಿದೆ. ಒಳಗೆ ಹೋದರೆ ಗೊಂಬೆಗಳು ಕ್ಯಾಪ್ಟನ್ ಥರ ನಿಂತಿರುತ್ತವೆ. ಮಕ್ಕಳಿಗೆ ಖುಷಿ. ನನಗೆ ಹಡಗಿಗಿಂತ ಅದರ ಹೊಟ್ಟೆಗೆ ಬಳಿದ ಬಣ್ಣ ಕಣ್ಣಿಗೆ ಬಿತ್ತು. ಸಮುದ್ರದ ಗಾಳಿಗೆ ಅದೂ ಎದ್ದು, ಕೆಳಗೆ ತುಕ್ಕು ಕಾಣುತ್ತದೆ. ಉಪ್ಪು ಗಾಳಿ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಹತ್ತಿರ ಮಳೆ. ಈ ಊರಲ್ಲಿ ಯಾವುದನ್ನಾದರೂ ಉಳಿಸುತ್ತೇವೆ ಅಂದರೆ ಪ್ರತಿ ವರ್ಷ ಕೈ ಹಾಕಲೇಬೇಕು.

ಅಲ್ಲಿಂದ ಕೋಡಿಬಾಗಕ್ಕೆ, ಕಾಳಿ ಸೇತುವೆ ನೋಡಲು. ಹಳೇ ಸೇತುವೆ 1983ರದ್ದು. ಕಾಕಾ ಬಂದಾಗ ಅದು ಹೊಸದು, ಜನ ಸಂಜೆ ಅದರ ಮೇಲೆ ಗಾಳಿ ತಿನ್ನಲು ಹೋಗುತ್ತಿದ್ದರಂತೆ. 2024ರ ಆಗಸ್ಟ್ 7ರ ನಡುರಾತ್ರಿ ಅದು ಕುಸಿಯಿತು. ಮೇಲಿದ್ದ ಲಾರಿ ನದಿಗೆ ಬಿತ್ತು, ಚಾಲಕನನ್ನು ಬದುಕಿಸಿ ತಂದರು. ಕಾಕಾ ಬಹಳ ಹೊತ್ತು ನದಿ ಕಡೆ ನೋಡುತ್ತಾ ನಿಂತರು. ಆಮೇಲೆ, "ನನಗಿಂತ ಮೊದಲ ರಿಟೈರ್ ಆತು ಅನ್ನೂಣಂದ್ರ, ಇಲ್ಲ, ಎರಡು ವರ್ಷ ತಡ" ಅಂದರು.

ರವಿವಾರ ಕೋರ್ಟಿಗೆ ರಜೆ, ಕಾರವಾರದ ಸಂತೆಗೆ ರಜೆ ಇಲ್ಲ. ರವಿವಾರವೇ ಸಂತೆ. ಘಟ್ಟದ ಮೇಲಿನ ತರಕಾರಿ, ಹಾಲಕ್ಕಿ ಸಮುದಾಯದ ಹೆಂಗಸರು ತಂದ ಸೊಪ್ಪು, ಬುಟ್ಟಿಯ ತುಂಬ ಮುರುಗಲು (ಕೋಕಂ) ಸಿಪ್ಪೆ. ಎರಡು ಸಂಗತಿ ಕಲಿತೆ. ಒಂದು, ಹನ್ನೊಂದರ ಒಳಗೆ ಹೋಗಬೇಕು, ಆಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಎರಡು, ಇಲ್ಲಿ ಚೌಕಾಸಿಯನ್ನು ಕೊಂಕಣಿಯಲ್ಲಿ ಶುರು ಮಾಡಿದರೆ ಐದು ರೂಪಾಯಿ ತಾನಾಗಿ ಇಳಿಯುತ್ತದೆ. ಕಾಕಾನ ಹರಕು ಕೊಂಕಣಿಗೆ ಇಳಿದದ್ದು ಎರಡೇ ರೂಪಾಯಿ.

ಸೋಮವಾರ

ಬೆಳಿಗ್ಗೆ ಬನ್ಸು, ಪಾತಳ ಭಾಜಿ ತಿಂದು ದಕ್ಷಿಣಕ್ಕೆ ಹೊರಟೆವು. ಅಂಕೋಲೆ ದಾಟಿ ಶಿರೂರು ಬಂದಾಗ ಕಾರಿನೊಳಗೆ ಇಬ್ಬರೂ ಮಾತು ನಿಲ್ಲಿಸಿದೆವು. 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯನ್ನೂ ಪಕ್ಕದ ಚಹಾ ಅಂಗಡಿಯನ್ನೂ ಗಂಗಾವಳಿಗೆ ತಳ್ಳಿದ ಜಾಗ. ಗುಡ್ಡದ ಗಾಯ ಇನ್ನೂ ಕೆಂಪಗಿದೆ. ನಿಲ್ಲಿಸಬೇಡಿ, ಫೋಟೋನೂ ಬೇಡ, ಸುಮ್ನೆ ದಾಟಿ ಹೋಗಿ.

ಕಾಕಾನ ಊರು ಮುಟ್ಟಿದಾಗ ಹತ್ತು ಗಂಟೆ. ದೂರದಿಂದಲೇ ಮಾಡು ಕಂಡಿತು. ಉದ್ದನೆಯ ಹಂಚಿನ ಮಾಡು, ನೆತ್ತಿಯ ಮೇಲೆ ಇನ್ನೊಂದು ಪುಟ್ಟ ಮಾಡು ಕೂರಿಸಿದ ಹಾಗೆ. ಆ ಎರಡರ ನಡುವಿನ ಸಂದಿಯಲ್ಲಿ ಮರದ ಓರೆ ಪಟ್ಟಿಗಳು. ಬಿಸಿ ಗಾಳಿ ಮೇಲಿಂದ ಹೋಗಲಿ, ಮಳೆ ಒಳಗೆ ಬಾರದಿರಲಿ ಅಂತ. ಮುಂಬಯಿಯ ದೊಡ್ಡ ಮಾರ್ಕೆಟ್ಟುಗಳಲ್ಲಿ ಕಬ್ಬಿಣದಲ್ಲಿ ಮಾಡಿದ್ದನ್ನು ಇಲ್ಲಿ ಮತ್ತಿ, ಸಾಗವಾನಿ ಮರದಲ್ಲಿ ಮಾಡಿದ್ದಾರೆ. ರಸ್ತೆಗೆ ಮುಖ ಮಾಡಿ ಏಳು ಕಮಾನು. ಅದು ಪೇಟೆ. ಹಿಂದಕ್ಕೆ ಹೋದರೆ ಕಂಬದ ಜಗುಲಿ, ದೊಡ್ಡ ಬಾಗಿಲು. ಅದು ಕೋರ್ಟು. ಹೊಸ ಆರ್‌ಸಿಸಿ ಕಟ್ಟಡ ಆದ ಮೇಲೆ ಕೋರ್ಟು ಅಲ್ಲಿಗೆ ಹೋಯಿತು, ಈ ಕಡೆಗೆ ಬೀಗ ಬಿತ್ತು. ಪೇಟೆ ಎಲ್ಲಿಗೂ ಹೋಗಲಿಲ್ಲ.

ಕಮಾನಿನ ಕೆಳಗೆ ಮೊದಲ ಕಟ್ಟೆಯಲ್ಲಿ ಒಬ್ಬ ಅಜ್ಜಿ ಶೆಟ್ಲಿ (ಸೀಗಡಿ) ಮಾರುತ್ತಿದ್ದಳು. ಕಾಕಾ ಹೋಗಿ, ನಾನು ಈ ಕೋರ್ಟಿನಲ್ಲಿ ಇದ್ದೆ, 84ರಿಂದ 88, ಗುರ್ತು ಸಿಕ್ತಾ ಅಂದರು. ಅಜ್ಜಿ ಮೇಲಿಂದ ಕೆಳಗೆ ನೋಡಿದಳು.

"ಕಾರಕೂನ್ರಾ? ಕೋರ್ಟಿನವ್ರೆಲ್ಲ ಉದ್ರಿ ಇಟ್ಕಂಡೇ ವರ್ಗ ಆಗಿ ಹೋದವ್ರು. ನಿಮ್ದು ಎಷ್ಟಿತ್ತು?"

ಸುತ್ತಲಿದ್ದ ಹೆಂಗಸರೆಲ್ಲ ನಕ್ಕರು. ಕಾಕಾ ಮಾತ್ರ ನಗಲಿಲ್ಲ. ಲೆಕ್ಕ ಹಾಕುತ್ತಿದ್ದರು ಅನಿಸುತ್ತದೆ.

ಒಳಗೆ ಹೋಗಬೇಕು ಅಂದಾಗ ಅಜ್ಜಿಯೇ ದಾರಿ ತೋರಿಸಿದಳು: "ಕಾಯಿ ಅಜ್ಜನ್ನ ಕೇಳಿ." ಪೇಟೆಯ ಆ ತುದಿಯಲ್ಲಿ ತೆಂಗಿನಕಾಯಿ ಮಾರುವ ಮುದುಕರು. ಸೊಂಟದ ದಾರದಲ್ಲಿ ಬೀಗದ ಕೈ. ಯಾರು ಕೊಟ್ಟದ್ದು, ಯಾವಾಗ ಕೊಟ್ಟದ್ದು ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಊರಿನ ಹೆಸರು ಬರೆಯದೇ ಇರುವುದು ಇದಕ್ಕೇ. ಬರೆದರೆ ನಾಳೆ ಯಾರೋ ಬಂದು ಆ ಬೀಗ ಬದಲಿಸಿ ಹೋಗುತ್ತಾರೆ.

ಬಾಗಿಲು ತೆಗೆದಾಗ ಮೊದಲು ಬಂದದ್ದು ಹಳೇ ಕಾಗದದ ವಾಸನೆ, ಅದರ ಹಿಂದೆ ಕೊಬ್ಬರಿ ವಾಸನೆ. ಗಾಜಿನ ಹಂಚಿನಿಂದ ಒಂದು ಬೆಳಕು ಇಳಿದಿತ್ತು. ನ್ಯಾಯಾಧೀಶರ ಕಟ್ಟೆ ಇದೆ, ಮೇಜಿಲ್ಲ. ಸಾಕ್ಷಿಯ ಕಟಕಟೆ ಇದೆ, ಸಾಗವಾನಿಯದ್ದು, ಹಿಡಿಯುವ ಪಟ್ಟಿ ಕೈ ತಾಗಿ ತಾಗಿ ಕನ್ನಡಿಯ ಹಾಗೆ ನುಣುಪಾಗಿದೆ. ಅದರೊಳಗೆ ಎದೆಮಟ್ಟ ತೆಂಗಿನಕಾಯಿ ರಾಶಿ.

"ಉರುಳಿ ಹೋಗೂದಿಲ್ಲ ಅಲ್ವಾ, ಮೂರೂ ಕಡೆ ಕಟಾಂಜನ ಅದೆ" ಅಂದರು ಕಾಯಿ ಅಜ್ಜ, ತಪ್ಪು ಮಾಡಿದವರ ಥರ. ಕಾಕಾ ಕಟಕಟೆ ಮುಟ್ಟಿ ನೋಡಿ, "ಇವು ಸುಳ್ಳು ಹೇಳೂದಿಲ್ಲ ಬಿಡ್ರಿ" ಅಂದರು.

ಆಮೇಲೆ ಒಂದು ತಾಸು ಕಾಕಾ ನಿಲ್ಲಲೇ ಇಲ್ಲ. ಇಲ್ಲಿ ಬೆಂಚ್ ಕ್ಲರ್ಕ್, ಇಲ್ಲಿ ವಕೀಲರು, ಇಲ್ಲಿ ನಾನು. ಪಕ್ಷಗಾರರಿಗೆ ಎರಡೇ ಬೆಂಚು. ಉಳಿದವರೆಲ್ಲ ಎಲ್ಲಿ ಕಾಯಬೇಕು? ಪೇಟೆಯಲ್ಲಿ. ವಾಯಿದೆ (ವಿಚಾರಣೆಯ ತಾರೀಖು) ಇದ್ದ ದಿನ ಹಳ್ಳಿಯಿಂದ ಬರುವವರು ಒಂದು ಗೊನೆ ಬಾಳೆಯೋ ನಾಲ್ಕು ಕಾಯಿಯೋ ತರುತ್ತಿದ್ದರು. ಮಾರಿದರೆ ಬಸ್ಸಿನ ದುಡ್ಡು, ವಕೀಲರ ದುಡ್ಡು. ಪಟ್ಟೇವಾಲಾ (ಕೋರ್ಟಿನ ಜವಾನ) ಜಗುಲಿಗೆ ಬಂದು ಮೂರು ಸಲ ಹೆಸರು ಕೂಗಿದರೆ ಗೋಡೆಯಾಚೆ ಮೀನಿನ ಸವಾಲಿನ (ಹರಾಜಿನ) ಗದ್ದಲದಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ಮೀನಿನ ಹೆಂಗಸರೇ ಒಬ್ಬರಿಂದ ಒಬ್ಬರಿಗೆ ದಾಟಿಸಿ, "ಏ, ನಿನ್ನ ಕರೀತಿದ್ರು, ಓಡು" ಅಂತ ಅಟ್ಟುತ್ತಿದ್ದರಂತೆ. ಕೋರ್ಟು ಪೇಟೆಯನ್ನು ಒಂದೇ ಮಾಡಿನ ಕೆಳಗೆ ಯಾಕೆ ಕಟ್ಟಿದರು ಅಂತ ನಾನು ದಾರಿಯುದ್ದಕ್ಕೂ ಯೋಚಿಸಿದ್ದೆ. ಖರ್ಚು ಉಳಿಸಲು ಅಂದುಕೊಂಡಿದ್ದೆ. ಬಳಸಿದವರನ್ನು ಕೇಳಿದರೆ ಒಂದು ನಿಮಿಷದ ಉತ್ತರ.

ನಾನು ಟೇಪು ತೆಗೆದು ಅಳೆಯಲು ಶುರು ಮಾಡಿದೆ. ಗೋಡೆ ಎರಡು ಅಡಿ ದಪ್ಪ, ಚಿರೇಕಲ್ಲು. ಈ ಕಲ್ಲಿಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್, 1801ರಲ್ಲಿ ಈ ಜಿಲ್ಲೆಯಲ್ಲೂ ತಿರುಗಾಡಿದವನು. ನೆಲದಿಂದ ತೆಗೆದಾಗ ಕೊಡಲಿಯಲ್ಲಿ ಕಡಿಯಬಹುದು, ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಆದರೆ ಅದಕ್ಕೆ ಉಸಿರಾಡಲು ಬಿಡಬೇಕು. ಹಳಬರು ಚಿಪ್ಪಿನ ಸುಣ್ಣದ ಗಾರೆ ಹಚ್ಚುತ್ತಿದ್ದರು, ಹೀರಿದ ನೀರು ಅದರ ಮೂಲಕವೇ ಆರಿ ಹೋಗುತ್ತಿತ್ತು. ಇಲ್ಲಿ ಯಾರೋ ಕೆಳಗಿನ ಮೂರು ಅಡಿಗೆ ಸಿಮೆಂಟ್ ಬಳಿದಿದ್ದಾರೆ. ನೀರು ಸಿಮೆಂಟಿನ ಹಿಂದೆ ಸಿಕ್ಕಿಬಿದ್ದು ಮೇಲಕ್ಕೆ ಹತ್ತಿದೆ. ಸಿಮೆಂಟ್ ಮುಗಿಯುವ ಗೆರೆಗೆ ಸರಿಯಾಗಿ ಮೇಲೆ ಕಲ್ಲು ಪುಡಿಪುಡಿ. ಬೆರಳಲ್ಲಿ ಒತ್ತಿದರೆ ಅವಲಕ್ಕಿ ಥರ ಉದುರುತ್ತದೆ.

ಒಡೆದ ಹಂಚೊಂದು ನೆಲದ ಮೇಲಿತ್ತು. ತಿರುವಿ ನೋಡಿದೆ: ಬಾಸೆಲ್ ಮಿಷನ್, ಮಂಗಳೂರು, 1865. "ಕಾಕಾ, ಕಟ್ಟಡ ನೂರಾ ಅರವತ್ತು ವರ್ಷದ್ದು!" ಅಂತ ಕೂಗಿದೆ. ಕಾಯಿ ಅಜ್ಜ ಮೆಲ್ಲಗೆ ನಕ್ಕರು. "ತಂಗಿ, ಅದು ಹಂಚಿನ ಕಾರ್ಖಾನೆ ಶುರುವಾದ ವರ್ಷ. ನಮ್ಮನೆ ಕೊಟ್ಟಿಗೆ ಮೇಲೂ ಅದೇ ಹಂಚು ಅದೆ, ಕೊಟ್ಟಿಗೆ ಕಟ್ಟಿಸಿದ್ದು ನಮ್ಮ ಅಪ್ಪ." ಡ್ರಾಯಿಂಗ್ ಮಾಡುವವಳ ಮರ್ಯಾದೆ ಹೋಯಿತು. ಹಂಚಿನ ಮೇಲಿನ ಇಸವಿ ನೋಡಿ ಹಳೇ ಮನೆಗೆ ವಯಸ್ಸು ಕಟ್ಟುವವರು ನೆನಪಿಟ್ಟುಕೊಳ್ಳಿ.

ಅಷ್ಟರಲ್ಲಿ ಮಳೆ ಧೋ ಅಂತ ಸುರಿಯಿತು. ಕಾಕಾ ಮಾತಾಡುತ್ತಲೇ ಬಲಕ್ಕೆ ಎರಡು ಹೆಜ್ಜೆ ಸರಿದು ನಿಂತರು. ಅವರು ನಿಂತಿದ್ದ ಜಾಗಕ್ಕೇ ಧಾರೆ ಇಳಿಯಿತು. "ಆಗೂ ಇಲ್ಲೇ ಸೋರತಿತ್ತು" ಅಂದರು. ನಲವತ್ತು ವರ್ಷದ ಹಿಂದಿನ ಅಭ್ಯಾಸ ಕಾಲಿನಲ್ಲಿ ಉಳಿದುಬಿಟ್ಟಿದೆ! ಈಗ ಅದೊಂದೇ ಜಾಗವಲ್ಲ, ನಾನು ಎಣಿಸಿದ ಹಾಗೆ ಹದಿನಾಲ್ಕು. ಒಂದು ಮೂಲೆಯಲ್ಲಿ ರೀಪು ಕೊಳೆತು ಹಂಚು ಜಾರಿದೆ, ಗೋಡೆಯ ನೆತ್ತಿಯಲ್ಲಿ ಅಶ್ವತ್ಥದ ಗಿಡ ನನ್ನ ಮೊಣಕೈ ಎತ್ತರಕ್ಕೆ ಬೆಳೆದಿದೆ.

ಓಡಿ ಪೇಟೆಗೆ ಬಂದೆವು. ಅಲ್ಲಿ ಒಂದು ಹನಿ ಇಲ್ಲ.

ಅದೇ ಗೋಡೆ, ಅದೇ ಹಂಚು, ಒಂದೇ ತೊಲೆ ಆ ಕಡೆಯಿಂದ ಈ ಕಡೆಗೆ ದಾಟಿ ಬಂದಿದೆ. ನನಗೆ ನಂಬಿಕೆ ಬರದೆ ಶೆಟ್ಲಿ ಅಜ್ಜಿಯನ್ನು ಕೇಳಿದೆ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಕೂತು ಮಾರುವವರೆಲ್ಲ ವಂತಿಗೆ ಹಾಕುತ್ತಾರಂತೆ. ಹಂಚು ಇಳಿಸಿ, ಪಾಚಿ ಉಜ್ಜಿ, ಒಡೆದದ್ದು ಬದಲಿಸಿ, ಮತ್ತೆ ಹೊದಿಸುವುದು. ಎರಡು ದಿನದ ಕೆಲಸ. "ತಲೆ ಮೇಲೆ ಸೋರಿದ್ರೆ ಯಾರ್ ಬಂದು ಮೀನು ತಕಂತ್ರು?" ಅಷ್ಟೇ ಅವಳ ಲೆಕ್ಕ. ಆ ಕಡೆಗೂ ಹತ್ತಬಹುದಲ್ಲ ಅಂದೆ. "ಅದು ಸರ್ಕಾರದ್ದು. ಮುಟ್ಟಿದ್ರೆ ಕೇಸು."

ಆಗ ಕಣ್ಣಿಗೆ ಬಿತ್ತು ಆ ತೂತು. ನಡುವಿನ ಗೋಡೆಯಲ್ಲಿ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ಮುಷ್ಟಿ ಗಾತ್ರದ ತೂತು, ಒಳಗೆ ಮರದ ಪುಟ್ಟ ರಾಟೆ. ಅದರಿಂದ ಕರೀ ವೈರ್ ಒಂದು ಹೊರಬಂದು ಪೇಟೆಯ ನಾಲ್ಕು ಬಲ್ಬಿಗೆ ಹೋಗಿದೆ. ಕಟ್ಟೆಯ ಮೇಲೆ ಹತ್ತಿ ನೋಡಿದೆ. ರಾಟೆಯ ಮರದಲ್ಲಿ ಹಗ್ಗ ಓಡಿ ಓಡಿ ಕೊರೆದ ಗೀರು, ಕಿರುಬೆರಳು ಕೂರುವಷ್ಟು ಆಳ. ಕೋರ್ಟಿನ ಒಳಗೆ ತೊಲೆಯಲ್ಲಿ ಕಬ್ಬಿಣದ ಕೊಕ್ಕೆಗಳು ಇರುವುದನ್ನು ಆಗಲೇ ನೋಡಿದ್ದೆ. ಪಂಖಾ! ಬಟ್ಟೆಯ ದೊಡ್ಡ ಪಂಖಾ ಒಳಗೆ ಸಾಹೇಬರ ತಲೆಯ ಮೇಲೆ, ಅದನ್ನು ಎಳೆಯುವ ಆಳು ಗೋಡೆಯ ಈಚೆ, ಮೀನಿನ ಪೇಟೆಯಲ್ಲಿ ಕೂತು. ಒಳಗಿನ ಮಾತು ಅವನಿಗೆ ಕೇಳಬಾರದು, ಅವನ ಬೆವರು ಇವರಿಗೆ ಕಾಣಬಾರದು.

"ಅಯ್ಯ, ನಾನು ಅದು ಗುಬ್ಬಿಗೆ ಬಿಟ್ಟದ್ದು ಅಂತ ತಿಳದಿದ್ದೆ" ಅಂದರು ಕಾಕಾ. ಅವರ ಕಾಲದಲ್ಲಿ ಅದರಲ್ಲಿ ಟೆಲಿಫೋನ್ ವೈರ್ ಬಂದಿತ್ತಂತೆ. ಈಗ ಕರೆಂಟು. ಮೀಟರ್ ಇನ್ನೂ ಕೋರ್ಟಿನ ಕಡೆಗೇ ಇದೆ, ಬಿಲ್ಲು ಮೀನಿನವರು ಕಟ್ಟುತ್ತಾರೆ.

ಈ ಕಟ್ಟಡದ ಬಗ್ಗೆ ಊರಲ್ಲಿ ಎರಡು ಪಕ್ಷ. ಒಂದು, ಕೆಡವಿ ಮೂರು ಮಹಡಿಯ ಕಾಂಪ್ಲೆಕ್ಸ್ ಮಾಡಿ ಅನ್ನುವವರು. ಇನ್ನೊಂದು, ಪೇಟೆಯನ್ನು ಆಚೆ ಕಳಿಸಿ ಇಡೀ ಕಟ್ಟಡ ಮ್ಯೂಸಿಯಂ ಮಾಡಿ ಅನ್ನುವವರು. ಮೊದಲನೆಯದರ ಡ್ರಾಯಿಂಗ್ ನಾನು ಕಣ್ಣು ಮುಚ್ಚಿ ಮಾಡಬಲ್ಲೆ: ಶಟರ್ ಹತ್ತು ಅಡಿ, ಮೆಟ್ಟಿಲು ಪಕ್ಕಕ್ಕೆ, ಮೊದಲ ಮಹಡಿಯ ಅಂಗಡಿ ಐದು ವರ್ಷ ಖಾಲಿ. ಎರಡನೆಯದಕ್ಕೂ ನನಗೆ ಮನಸ್ಸಿಲ್ಲ. ಚಪಲ್ ಹಡಗನ್ನು ನೋಡಲು ಕಾರವಾರಕ್ಕೆ ಜನ ಬರುತ್ತಾರೆ, ಈ ಊರಿಗೆ ಬೀಗ ಹಾಕಿದ ಕನ್ನಡಿ ಕಪಾಟು ನೋಡಲು ಯಾರು ಬರುತ್ತಾರೆ? ಇದ್ದ ಎರಡರಲ್ಲಿ ಸೋರದ ಅರ್ಧವನ್ನೇ ಖಾಲಿ ಮಾಡಿಸುವುದು ಯಾವ ಬುದ್ಧಿ? ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಬಿತ್ತು, ಕೆಡವಬೇಕೋ ಉಳಿಸಬೇಕೋ ಅಂತ ಆಮೇಲೆ ವರ್ಷಗಟ್ಟಲೆ ಜಗಳ. ಅಷ್ಟು ಹೊತ್ತೂ ಹೂವಿನವರು ಹೂವು ಮಾರುತ್ತಲೇ ಇದ್ದರು.

ಕಾಕಾ ಬೆಂಗಳೂರಿನ ಅಠಾರಾ ಕಚೇರಿಯ ಕತೆ ತೆಗೆದರು. 1868ರ ಕಟ್ಟಡ, ಸರ್ಕಾರದ ಹದಿನೆಂಟು ಇಲಾಖೆ ಇದ್ದದ್ದಕ್ಕೆ ಆ ಹೆಸರು, ಈಗ ಹೈಕೋರ್ಟು. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಬಂದಾಗ ಜನ ಕೋರ್ಟಿಗೆ ಹೋದರು. ವಿಚಾರಣೆ ನಡೆದದ್ದೂ ಅದೇ ಹೈಕೋರ್ಟಿನಲ್ಲಿ. "ತನ್ನ ಕೇಸು ತನ್ನ ಹೊಟ್ಟ್ಯಾಗ ನಡೆಸಿದ ಕಟ್ಟಡ ಅದು" ಅಂದರು ಕಾಕಾ. ಅದು ಉಳಿಯಿತು.

ನಾನು ಹೆಂಗಸರನ್ನೇ ಕೇಳಿದೆ, ಆ ಕಡೆ ಅರ್ಧ ನಿಮಗೆ ಕೊಟ್ಟರೆ ಏನು ಮಾಡುತ್ತೀರಿ ಅಂತ. ಐಸ್ ಇಡುವ ಕೋಣೆ, ಬುಟ್ಟಿ ಇಡುವ ಜಾಗ ಅಂತೆಲ್ಲ ಬರುತ್ತದೆ ಅಂದುಕೊಂಡಿದ್ದೆ. ಯಾರೂ ಮಾತಾಡಲಿಲ್ಲ. ಶೆಟ್ಲಿ ಅಜ್ಜಿ ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದಳು: "ಪಾಯಖಾನೆ ಮಾಡ್ಕೊಡು ತಂಗಿ. ಬೆಳಿಗ್ಗೆ ಐದಕ್ಕೆ ಬಂದ್ರ್ ಮಧ್ಯಾಹ್ನ ಎರಡರ ವರೆಗೆ ನೀರೇ ಕುಡಿಯೂದಿಲ್ಲ ನಾವು."

ಕಟ್ಟಡದ ಸುತ್ತ ಎರಡು ಸಲ ಸುತ್ತಿದ್ದೆ. ಕಮಾನು ಎಣಿಸಿದ್ದೆ, ಕೊಕ್ಕೆ ಎಣಿಸಿದ್ದೆ. ಇದು ಇಲ್ಲ ಅಂತ ನನಗೆ ಹೊಳೆದಿರಲೇ ಇಲ್ಲ. ಟೇಪು ತೆಗೆದು ಮತ್ತೆ ಹೋದೆ. ಹಳೇ ರೆಕಾರ್ಡ್ ಕೋಣೆ, ಒಂಬತ್ತು ಅಡಿಗೆ ಹನ್ನೊಂದು, ಹೊರಗೋಡೆಗೆ ಹತ್ತಿರ. ಅಳೆದು ಬರುವಾಗ ಕೈ ಜಾರಿ ಟೇಪು ಮೀನು ತೊಳೆದ ಚರಂಡಿಗೆ ಬಿತ್ತು. ಎತ್ತಿಕೊಂಡೆ. ಎಷ್ಟು ತೊಳೆದರೂ ಆಮೇಲೆ ಅದು ನಮ್ಮ ಜೊತೆಗೇ ಬಂತು, ವಾಸನೆಯ ಸಮೇತ.

ಹೊರಡುವಾಗ ಕಾಕಾ ಅಜ್ಜಿಯ ಕಟ್ಟೆಯ ಮೇಲೆ ಐನೂರರ ನೋಟು ಇಟ್ಟರು, ಹಳೇ ಉದ್ರಿ ಅಂತ. ಅಜ್ಜಿ ಬೈದು ವಾಪಸ್ ಕೊಟ್ಟಳು. ಮೇಲಿಂದ ಒಂದು ಪೊಟ್ಟಣ ಒಣ ಶೆಟ್ಲಿ ಕಟ್ಟಿ ಕೊಟ್ಟಳು.

ಕುಮಟಾದಿಂದ ದೇವಿಮನೆ ಘಾಟಿ ಹತ್ತಿದೆವು. ರಸ್ತೆ ಅಗಲ ಮಾಡುವ ಕೆಲಸದ ಕೆಸರು, ಕತ್ತಲು, ಮುಂದಿನ ಬಸ್ಸಿನ ಕೆಂಪು ದೀಪ ಒಂದೇ ದಾರಿ. ಈ ಘಾಟಿಯನ್ನು ಹಗಲಲ್ಲೇ ಹತ್ತಿ.

ಮಂಗಳವಾರ

ಶಿರಸಿಯಲ್ಲಿ ತಣ್ಣಗಿತ್ತು. ಮಾರಿಕಾಂಬೆಗೆ ಕೈ ಮುಗಿದು, ಪರಿಚಯದವರ ಮನೆಗೆ ಹೋದೆವು. "ಆಸ್ರಿಗೆ ಎಂತ ಮಾಡ್ಲಿ?" ಅಂತ ಕೇಳಿ ಉತ್ತರಕ್ಕೆ ಕಾಯದೆ ಕಷಾಯ ತಂದರು. ಊಟಕ್ಕೆ ಅಪ್ಪೆಹುಳಿ, ಕೊನೆಗೆ ತುಪ್ಪ ಹಾಕಿದ ತೊಡದೇವು, ಹಾಳೆಯಂಥ ತೆಳ್ಳನೆಯ ಸಿಹಿ. ತೊಡದೇವನ್ನು ಅಂಗಡಿಯಲ್ಲಿ ಕೊಳ್ಳುವವರು ಕಾರಿನ ಡಿಕ್ಕಿಯಲ್ಲಿ ಇಡಬೇಡಿ, ಮನೆ ಮುಟ್ಟುವಾಗ ಪುಡಿ ತಿನ್ನಬೇಕಾಗುತ್ತದೆ.

ಮಧ್ಯಾಹ್ನ ಅಡಿಕೆ ಟೆಂಡರ್ ನೋಡಲು ತೋಟಗಾರ್ಸ್ ಸೊಸೈಟಿಗೆ ಹೋದೆವು. 1923ರಲ್ಲಿ ಬೆಳೆಗಾರರೇ ಕಟ್ಟಿಕೊಂಡದ್ದು. ಗುಂಪೆ ಗುಂಪೆ ಅಡಿಕೆ: ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು. ವ್ಯಾಪಾರಿಗಳು ಬರುತ್ತಾರೆ, ಕೈಯಲ್ಲಿ ಹಿಡಿದು ನೋಡುತ್ತಾರೆ, ಕತ್ತರಿಸಿ ನೋಡುತ್ತಾರೆ, ಗುಟ್ಟಾಗಿ ದರ ಹಾಕುತ್ತಾರೆ. ಕೂಗಾಟ ಇಲ್ಲ. ಮೀನಿನ ಸವಾಲಿನ ಗದ್ದಲ ಕೇಳಿ ಬಂದ ಕಿವಿಗೆ ಇದು ಪರೀಕ್ಷೆಯ ಹಾಲ್ ಥರ ಅನಿಸಿತು. "ಇಲ್ಲಿ ಕೋರ್ಟ ಇಟ್ಟಿದ್ರ ಪಟ್ಟೇವಾಲಾನ ಗಂಟಲು ಉಳೀತಿತ್ತು" ಅಂದರು ಕಾಕಾ. ಒಬ್ಬ ವ್ಯಾಪಾರಿ ನನ್ನ ಕೈಚೀಲದ ಕಡೆ ಎರಡು ಸಲ ತಿರುಗಿ ನೋಡಿದರು. ಟೇಪು.

ಮುಂಡಗೋಡದ ಮೇಲೆ ಹುಬ್ಬಳ್ಳಿಗೆ ಬರುವಾಗ ಕಾಕಾ ನಿದ್ದೆ ಹೋದರು. ರಾತ್ರಿ ಅವರನ್ನು ಇಳಿಸಿ ಮನೆಗೆ ಬಂದು ಅರ್ಧ ತಾಸಾಗಿಲ್ಲ, ಕಾಕೂ ಫೋನು: "ಏನವಾ, ಇವರ ಚೀಲದಾಗ ಏನ ಸತ್ತದ?" ಒಣ ಶೆಟ್ಲಿ ಈಗ ನಮ್ಮ ಅಟ್ಟದ ಮೇಲಿದೆ, ಮೂರು ಪ್ಲಾಸ್ಟಿಕ್ ಸುತ್ತಿ. ಕಾಕಾ ವಾರಕ್ಕೊಮ್ಮೆ 'ಡ್ರಾಯಿಂಗ್ ನೋಡಲು' ಬರುತ್ತಾರೆ.

ಡ್ರಾಯಿಂಗ್ ಅಂದರೆ ಒಂದೇ ಹಾಳೆ. ರೆಕಾರ್ಡ್ ಕೋಣೆಯಲ್ಲಿ ಮೂರು ಪಾಯಖಾನೆ, ಒಂದು ನೀರಿನ ಕಟ್ಟೆ, ಕೆಳಗಿನ ಸಿಮೆಂಟ್ ಕೆತ್ತಿ ಸುಣ್ಣದ ಗಾರೆ. ಬಾಗಿಲನ್ನು ಹಿಂದಿನ ಜಗುಲಿಗೆ ಇಟ್ಟೆ, ಕಮಾನುಗಳ ಅಂದ ಕೆಡಬಾರದು ಅಂತ. ಶೆಟ್ಲಿ ಅಜ್ಜಿಯ ಮೊಮ್ಮಗಳ ವಾಟ್ಸಾಪಿಗೆ ಕಳಿಸಿದೆ. ಮಾರನೇ ದಿನ ಉತ್ತರ ಬಂತು, ಅಜ್ಜಿಯದೇ ದನಿಯಲ್ಲಿ, ಹಿಂದೆ ಪೇಟೆಯ ಗದ್ದಲ:

"ಚಲೋ ಆಯ್ತು ತಂಗಿ. ಬಾಗಿಲು ಮಾತ್ರ ಆಚೆ ಬೇಡ, ಅಲ್ಲಿ ಗಂಡಸ್ರು ಬೀಡಿ ಸೇದ್ತಾ ಕೂತಿರ್ತ್ರು. ನಮ್ಮ ಬದಿಗೆ ಇಡು."

ಬಾಗಿಲು ಈಚೆ ಬಂದರೆ ಏಳನೇ ಕಮಾನಿನ ಪಕ್ಕದ ಗೋಡೆ ಒಡೆಯಬೇಕು. ಒಡೆದು ಎಳೆಯುತ್ತಿದ್ದೇನೆ.